ಊರಿಗೆ ಕಳಿಸುವ ಮುನ್ನ: ದಾರಿ ತಪ್ಪುತ್ತಿರುವ ಹುಡುಗನ ಮನೆಗೇ ಹೋಗಿ ಕೆಲಸ ಮಾಡುವ ಕ್ರಮ

ಮುಂಬಯಿಯ ಕನ್ನಡ ಮನೆಯೊಂದರ ಹದಿನಾರರ ಹುಡುಗ ಮೊಬೈಲ್ ಕಳವಿನಲ್ಲೋ ಗಲ್ಲಿಯ ಹೊಡೆದಾಟದಲ್ಲೋ ಸಿಕ್ಕಿಬಿದ್ದನೆಂದರೆ ಆ ರಾತ್ರಿ ಮನೆಯೊಳಗೆ ಏಳುವ ಮಾತು ಒಂದೇ: ‘ಇವನನ್ನು ಊರಿಗೆ ಕಳಿಸಿಬಿಡೋಣ.’ ಧಾರಾವಿಯ ಖೋಲಿಯಲ್ಲಿರುವ ಕಲಬುರಗಿ ಕಡೆಯ ಗಾರೆ ಕೆಲಸದವರೂ ಇದನ್ನೇ ಹೇಳುತ್ತಾರೆ, ಸಾಂತಾಕ್ರೂಜಿನ ಚಾಳಿನಲ್ಲಿರುವ ಉಡುಪಿ ಕಡೆಯ ಹೋಟೆಲ್ ಕೆಲಸದವರೂ ಇದನ್ನೇ ಹೇಳುತ್ತಾರೆ. ಊರಿನಲ್ಲಿ ಇರುವವರು ಎಪ್ಪತ್ತು ದಾಟಿದ ಅಜ್ಜಿ ಮತ್ತು ತಮ್ಮ ಮಕ್ಕಳನ್ನೇ ಸಂಭಾಳಿಸಲಾಗದ ಚಿಕ್ಕಪ್ಪ. ಹುಡುಗ ಆರು ತಿಂಗಳು ಅಲ್ಲಿ ಬೇಸರದಲ್ಲಿ ಕಳೆದು, ಶಾಲೆಯ ಒಂದು ವರ್ಷವನ್ನು ಕಳೆದುಕೊಂಡು ಮರಳುತ್ತಾನೆ. ಅವನು ಬಿಟ್ಟುಹೋದ ಮನೆ, ಗಲ್ಲಿ, ಗೆಳೆಯರು ಎಲ್ಲವೂ ಇದ್ದಂತೆಯೇ ಇರುತ್ತವೆ. ಈ ನಡುವೆ ಹದಿನೆಂಟರ ಕೆಳಗಿನವರ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯ ವಿಚಾರಣೆಯ ತಾರೀಖುಗಳು ತಪ್ಪಿಹೋಗಿ ಚಿಕ್ಕ ಪ್ರಕರಣವೊಂದು ದೊಡ್ಡದಾಗಿರುತ್ತದೆ.

ಇಂಥ ಮನೆಗಳಿಗೆ ನೆರವಾಗಲು ಹೊರಡುವ ಸಂಘದ ಕಾರ್ಯಕರ್ತರು, ಶಿಕ್ಷಕರು ಮತ್ತು ಹತ್ತಿರದ ನೆಂಟರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಹುಡುಗನನ್ನು ಮನೆಯಿಂದ ತೆಗೆಯದೆ, ಮನೆಯೊಳಗೇ ಕುಳಿತು, ಮನೆಯ ದಿನಚರಿಯನ್ನೇ ತಿದ್ದುವುದು ಇಲ್ಲಿನ ವಿಧಾನ. ‘ಹುಡುಗ’ ಎಂದು ಬರೆದಿರುವುದು ನಾನು ಹೆಚ್ಚಾಗಿ ಕಂಡವರು ಹುಡುಗರು ಎಂಬ ಕಾರಣಕ್ಕೆ. ಹುಡುಗಿಯರ ಮನೆಗಳಿಗೂ ಕ್ರಮ ಇದೇ.

ಪದ್ಧತಿಯ ಹಿನ್ನೆಲೆ

ಕುಟುಂಬವನ್ನು ಕಚೇರಿಗೆ ಕರೆಸುವ ಬದಲು ಕಾರ್ಯಕರ್ತನೇ ಮನೆಗೆ ಹೋಗುವ ಪದ್ಧತಿ ಅಮೆರಿಕದಲ್ಲಿ ಸ್ಪಷ್ಟ ರೂಪ ಪಡೆಯಿತು. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ 1974ರಲ್ಲಿ ಆರಂಭವಾದ ‘ಹೋಮ್‌ಬಿಲ್ಡರ್ಸ್’ ಯೋಜನೆಯಲ್ಲಿ ಒಬ್ಬ ಕಾರ್ಯಕರ್ತನಿಗೆ ಒಂದು ಸಲಕ್ಕೆ ಎರಡೇ ಕುಟುಂಬಗಳು. ನಾಲ್ಕರಿಂದ ಆರು ವಾರಗಳ ಕಾಲ ಅವರು ಯಾವ ಹೊತ್ತಿನಲ್ಲಿ ಕರೆದರೂ ಅವನು ಹೋಗಬೇಕು. ಅನಂತರ ಬಂದ ‘ಮಲ್ಟಿಸಿಸ್ಟೆಮಿಕ್ ಥೆರಪಿ’ ಎಂಬ ಪದ್ಧತಿ ಮೂರರಿಂದ ಐದು ತಿಂಗಳು ನಡೆಯುತ್ತದೆ. ಅದು ಮನೆ, ಶಾಲೆ, ಗೆಳೆಯರ ಗುಂಪು ಮತ್ತು ನೆರೆಹೊರೆಗಳನ್ನು ಒಟ್ಟಾಗಿ ಹಿಡಿಯುತ್ತದೆ. ನಮ್ಮಲ್ಲಿ ಒಬ್ಬ ಅಧಿಕಾರಿಯ ಮೇಜಿನ ಮೇಲೆ ರಾಶಿ ಬೀಳುವ ಕಡತಗಳನ್ನು ಕಂಡವರಿಗೆ ಎರಡು ಕುಟುಂಬಗಳ ಲೆಕ್ಕ ಕನಸಿನಂತೆ ಕಾಣಬಹುದು. ಆದರೆ ಸ್ವಯಂಸೇವಕನಿಗೆ ಅದು ಸಾಧ್ಯ; ಒಂದೇ ಮನೆಯನ್ನು ಹಿಡಿಯಿರಿ, ಮೂರು ತಿಂಗಳು ಬಿಡಬೇಡಿ.

ಮುಂಬಯಿ ಈ ವಿಷಯದಲ್ಲಿ ಬಹುಕಾಲ ಕಟ್ಟಡಗಳ ಭಾಷೆಯಲ್ಲೇ ಯೋಚಿಸಿದ ನಗರ. ಡೇವಿಡ್ ಸಾಸೂನ್ ಹೆಸರಿನ ಸುಧಾರಣಾ ಶಾಲೆ ಇಲ್ಲಿ 1857ರಷ್ಟು ಹಿಂದೆಯೇ ಆರಂಭವಾಯಿತು. 1924ರಲ್ಲಿ ಬಾಂಬೆ ಮಕ್ಕಳ ಕಾಯ್ದೆ ಬಂತು, 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಸ್ಥಾಪನೆಯಾಯಿತು. ಡೋಂಗ್ರಿಯ ಉಮರ್‌ಖಾಡಿಯ ವೀಕ್ಷಣಾಲಯವಂತೂ, ಅಂದರೆ ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ಮನೆಯಂತೂ, ಹಳೆಯ ಜೈಲಿನ ಕಟ್ಟಡದಲ್ಲೇ ನೆಲೆಯೂರಿತು. ಇಂದಿನ ಕಾನೂನು, ಅಂದರೆ 2015ರ ಬಾಲ ನ್ಯಾಯ ಕಾಯ್ದೆ, ಬೇರೆ ಮಾತು ಹೇಳುತ್ತದೆ. ಅದರ 3ನೆಯ ಕಲಮಿನ ಪ್ರಕಾರ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ. 18ನೆಯ ಕಲಮು ಮಗುವಿಗೂ ತಂದೆತಾಯಿಗೂ ಆಪ್ತಸಲಹೆ ಕೊಡಿಸಿ ಮನೆಗೆ ಕಳಿಸಲು, ಅಥವಾ ತಂದೆತಾಯಿಯ ಸುಪರ್ದಿನಲ್ಲಿ ಗರಿಷ್ಠ ಮೂರು ವರ್ಷಗಳ ಸನ್ನಡತೆಯ ಪರಿವೀಕ್ಷಣೆಯ (ಪ್ರೊಬೇಷನ್) ಮೇಲೆ ಬಿಡಲು ಮಂಡಳಿಗೆ ಅಧಿಕಾರ ಕೊಟ್ಟಿದೆ. ನೀವು ಮನೆಯಲ್ಲಿ ಮಾಡುವ ಕೆಲಸಕ್ಕೆ ಕಾನೂನಿನ ಆಸರೆ ಇದೆ ಎಂಬುದನ್ನು ಮೊದಲ ದಿನವೇ ತಂದೆತಾಯಿಗೆ ತಿಳಿಸಿ. ಹಲವರು ಇದನ್ನು ಪೊಲೀಸರ ಕಣ್ಣು ತಪ್ಪಿಸುವ ಉಪಾಯವೆಂದು ಭಾವಿಸಿ ಹೆದರುತ್ತಾರೆ.

ಮೊದಲ ಹೆಜ್ಜೆ: ಮೊದಲ ದಿನದ ಕಾಗದಪತ್ರ

ಹದಿನೆಂಟು ತುಂಬದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಹಿಡಿದ ಮೇಲೆ, ಪ್ರಯಾಣದ ಅವಧಿಯನ್ನು ಬಿಟ್ಟು, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಜಾಮೀನು ಇಲ್ಲಿ ಸಾಮಾನ್ಯ ನಿಯಮ. ಬಿಡುಗಡೆಯಾದರೆ ಹುಡುಗ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಒಳಗಾಗುತ್ತಾನೆ ಅಥವಾ ನ್ಯಾಯದ ಉದ್ದೇಶಕ್ಕೇ ಭಂಗ ಬರುತ್ತದೆ ಎನ್ನಲು ಸಮಂಜಸ ಕಾರಣವಿದ್ದಾಗ ಮಾತ್ರ ಮಂಡಳಿ ಅದನ್ನು ನಿರಾಕರಿಸಬಹುದು. ಜಾಮೀನಿನ ಷರತ್ತನ್ನು ಏಳು ದಿನಗಳೊಳಗೆ ಪೂರೈಸಲಾಗದಿದ್ದರೆ ಷರತ್ತು ಬದಲಿಸುವುದಕ್ಕಾಗಿ ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಜಾಮೀನುದಾರರು ಸಿಗದ, ನಾಕಾದಲ್ಲಿ ಅಂದರೆ ರಸ್ತೆ ಕೂಡುವಲ್ಲಿ ನಿಂತು ದಿನಗೂಲಿ ಹುಡುಕುವವರ ಕುಟುಂಬಗಳಿಗೆ ಈ ಒಂದು ಅಂಶ ಗೊತ್ತಿರುವುದು ಬಹಳ ಮುಖ್ಯ. ವಕೀಲರಿಗೆ ಸಾಲ ಮಾಡುವ ಮೊದಲು ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಲಿ; ಮಗುವಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ನಮ್ಮವರಲ್ಲಿ ತೊಡಕು ಹುಟ್ಟುವುದು ವಯಸ್ಸಿನ ದಾಖಲೆಯಲ್ಲಿ. ಹೆರಿಗೆ ತವರಿನಲ್ಲಿ, ಜನನ ನೋಂದಣಿ ಅಲ್ಲಿಯ ಪಂಚಾಯತಿಯಲ್ಲಿ, ಒಂದನೆಯ ತರಗತಿ ಹಳ್ಳಿಯಲ್ಲಿ, ಐದನೆಯದು ಮುಂಬಯಿಯ ಮಹಾನಗರಪಾಲಿಕೆಯ ಶಾಲೆಯಲ್ಲಿ. ಹೀಗೆ ಒಬ್ಬನೇ ಹುಡುಗನಿಗೆ ಎರಡು ಜನ್ಮದಿನಾಂಕಗಳಿರುವುದನ್ನು ನಾನು ಕಂಡಿದ್ದೇನೆ. ಕಾಯ್ದೆಯ 94ನೆಯ ಕಲಮು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು ಮೊದಲು ನೋಡುತ್ತದೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ವೈದ್ಯಕೀಯ ಪರೀಕ್ಷೆಯನ್ನು. ಹಾಗಾಗಿ ಊರಿಗೆ ಯಾರನ್ನಾದರೂ ಕಳಿಸಲೇಬೇಕೆಂದರೆ ಹುಡುಗನ ಬದಲು ಚಿಕ್ಕಪ್ಪನನ್ನು ಕಳಿಸಿ, ಶಾಲೆಯ ದಾಖಲಾತಿ ಪುಸ್ತಕದ ದೃಢೀಕೃತ ನಕಲನ್ನು ತರಿಸಿ.

ಎರಡನೆಯ ಹೆಜ್ಜೆ: ಮನೆಯೊಳಗೆ ಕಾಲಿಡುವುದು

ತಂದೆತಾಯಿ ಒಪ್ಪಿದ ಮೇಲೆಯೇ ಹೋಗಬೇಕು. ಪ್ರಕರಣ ಮಂಡಳಿಯಲ್ಲಿದ್ದರೆ ಮಗುವಿನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವ ಪ್ರೊಬೇಷನ್ ಆಫೀಸರಿಗೂ ತಿಳಿಸಿರಬೇಕು. ಸಮಯವನ್ನು ಅವರ ದುಡಿಮೆಗೆ ಹೊಂದಿಸಿ. ಹೋಟೆಲಿನಲ್ಲಿ ದುಡಿಯುವ ತಂದೆ ರಾತ್ರಿ ಹನ್ನೊಂದಕ್ಕೆ ಬರುತ್ತಾರೆ, ನಾಕಾದಲ್ಲಿ ನಿಲ್ಲುವವರು ಬೆಳಗ್ಗೆ ಎಂಟಕ್ಕೇ ಹೊರಡುತ್ತಾರೆ, ಮನೆಗೆಲಸಕ್ಕೆ ಹೋಗುವ ತಾಯಿಗೆ ಮಧ್ಯಾಹ್ನ ಮಾತ್ರ ಬಿಡುವು. ಎಲ್ಲರೂ ಸೇರುವ ಒಂದು ಗಂಟೆಯನ್ನು ಹುಡುಕಲು ಎರಡು ವಾರ ಹಿಡಿದರೂ ಸರಿ, ತಂದೆಯಿಲ್ಲದ ಸಭೆಯನ್ನು ಸಭೆಯೆಂದು ಎಣಿಸಬೇಡಿ.

ಹತ್ತು ಅಡಿ ಅಗಲದ ಖೋಲಿಯಲ್ಲಿ ಗುಟ್ಟು ಎಂಬುದಿಲ್ಲ, ಪಕ್ಕದ ಮನೆಯ ಕೆಮ್ಮು ಈಚೆ ಕೇಳುತ್ತದೆ. ಮಗುವಿನ ಗುರುತು ಮಾಧ್ಯಮಗಳಲ್ಲಿ ಹೊರಬೀಳದಂತೆ ಕಾಯ್ದೆಯ 74ನೆಯ ಕಲಮು ತಡೆಯುತ್ತದೆ. ಚಾಳಿನ ಓಣಿಯಲ್ಲಿ ಆ ಎಚ್ಚರವನ್ನು ನೀವೇ ವಹಿಸಬೇಕು. ಕೈಯಲ್ಲಿ ಕಡತ ಹಿಡಿದು ಹೋಗಬೇಡಿ. ಯಾರಾದರೂ ಕೇಳಿದರೆ ‘ಸಂಘದ ಕಡೆಯಿಂದ ಬಂದಿದ್ದೇವೆ, ಓದಿನ ವಿಚಾರ’ ಎನ್ನಿ; ಅದು ಸುಳ್ಳೂ ಅಲ್ಲ. ಹುಡುಗನೊಡನೆ ಒಬ್ಬರೇ ಮಾತನಾಡಬೇಕಾದಾಗ ಬಾಗಿಲು ಮುಚ್ಚಿಕೊಳ್ಳದೆ, ನಾಲ್ವರ ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಮೈದಾನದ ಕಟ್ಟೆಯ ಮೇಲೋ ದೇವಸ್ಥಾನದ ಅಂಗಳದಲ್ಲೋ ಕುಳಿತು ಮಾತನಾಡಿ. ಇದು ಅವನ ರಕ್ಷಣೆಗೂ ಬೇಕು, ನಿಮ್ಮ ರಕ್ಷಣೆಗೂ ಬೇಕು.

ಈಗ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಒಂದು ಮನೆಯಲ್ಲಿ ತಾಯಿಗೆ ಯಾದಗಿರಿ ಕಡೆಯ ಕನ್ನಡ ಮಾತ್ರ ಬರುತ್ತಿತ್ತು, ನನ್ನ ಜೊತೆ ಬಂದಿದ್ದ ಸಮಾಜ ಕಾರ್ಯಕರ್ತೆಗೆ ಮರಾಠಿ ಮತ್ತು ಹಿಂದಿ ಮಾತ್ರ. ನಾನು ತಂದೆಯೊಡನೆ ಮಾತಿನಲ್ಲಿ ತೊಡಗಿದ್ದಾಗ ತಾಯಿಯ ಮಾತನ್ನು ಹುಡುಗನೇ ಅನುವಾದಿಸುತ್ತಿದ್ದ. ‘ಮೂರು ದಿನ ಮನೆಗೇ ಬಂದಿರಲಿಲ್ಲ’ ಎಂದು ತಾಯಿ ಹೇಳಿದ್ದು ಹಿಂದಿಯಲ್ಲಿ ‘ಕೆಲವೊಮ್ಮೆ ತಡವಾಗಿ ಬರುತ್ತಾನೆ’ ಎಂದಾಗಿತ್ತು. ಇದನ್ನು ಹುಡುಗನ ಕಪಟವೆಂದು ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಬ್ಯಾಂಕಿನ ಚಲನ್, ಪಡಿತರ ಚೀಟಿ, ಆಸ್ಪತ್ರೆಯ ಕೇಸ್ ಪೇಪರ್, ಶಾಲೆಯ ನೋಟಿಸು ಎಲ್ಲವನ್ನೂ ಹತ್ತು ವರ್ಷದಿಂದ ಅವನೇ ಓದಿ ಹೇಳುತ್ತಾ ಬಂದಿದ್ದಾನೆ. ನಗರದ ಭಾಷೆ ಯಾರ ಬಾಯಲ್ಲಿದೆಯೋ ಅವರೇ ಮನೆಯ ಯಜಮಾನರಾಗುತ್ತಾರೆ. ಹಾಗೆ ಯಜಮಾನನಾದ ಹುಡುಗನಿಗೆ ತಂದೆಯ ಗದರಿಕೆ ಹೇಗೆ ತಾಗೀತು? ಆದ್ದರಿಂದ ಅವನ ಪ್ರಕರಣಕ್ಕೆ ಅವನನ್ನೇ ದುಭಾಷಿಯಾಗಿಸಬೇಡಿ. ಪೊಲೀಸ್ ಠಾಣೆಯಲ್ಲಿ, ಮಂಡಳಿಯಲ್ಲಿ, ಶಾಲೆಯಲ್ಲಿ ಹಿರಿಯರೊಬ್ಬರು ಆ ಕೆಲಸ ಮಾಡಲಿ. ಮೂರು ತಿಂಗಳಲ್ಲಿ ತಾಯಿಗೆ ನೀವು ಕಲಿಸಬಹುದಾದ ಅತ್ಯಂತ ಉಪಯುಕ್ತ ಸಂಗತಿಯೆಂದರೆ ಶಾಲೆಯ ಶಿಕ್ಷಕರಿಗೆ ತಾನೇ ಫೋನ್ ಮಾಡಿ ‘ಆಜ್ ಮೇರಾ ಬೇಟಾ ಆಯಾ ಕ್ಯಾ?’ (ಇಂದು ನನ್ನ ಮಗ ಬಂದಿದ್ದಾನೆಯೇ?) ಎಂದು ಕೇಳುವ ಒಂದು ಸಾಲು.

ಮೂರನೆಯ ಹೆಜ್ಜೆ: ದಿನದ ನಕ್ಷೆ

ಮೊದಲ ಎರಡು ಭೇಟಿಗಳಲ್ಲಿ ಬುದ್ಧಿವಾದ ಬೇಡ. ಒಂದು ದೊಡ್ಡ ಹಾಳೆಯಲ್ಲಿ ವಾರದ ಏಳು ದಿನಗಳನ್ನು, ಬೆಳಗಿನ ಐದರಿಂದ ರಾತ್ರಿ ಹನ್ನೆರಡರವರೆಗಿನ ಗಂಟೆಗಳನ್ನು ಗೆರೆ ಎಳೆದು ತುಂಬಿಸಿ: ಆ ಹೊತ್ತಿಗೆ ಯಾರು ಎಲ್ಲಿರುತ್ತಾರೆ, ಕೀಲಿಕೈ ಯಾರ ಬಳಿ, ಊಟ ಯಾರು ಬಡಿಸುತ್ತಾರೆ, ನಲ್ಲಿ ನೀರು ಯಾವಾಗ ಬರುತ್ತದೆ, ಫೋನ್ ಯಾರ ಕೈಯಲ್ಲಿರುತ್ತದೆ. ಹಿರಿಯರು ಯಾರೂ ಇಲ್ಲದ ಗಂಟೆಗಳು ಹಾಳೆಯ ಮೇಲೆ ತಾವಾಗಿಯೇ ಎದ್ದು ಕಾಣುತ್ತವೆ. ಹೆಚ್ಚಿನ ಮನೆಗಳಲ್ಲಿ ಅವು ಮಧ್ಯಾಹ್ನ ಶಾಲೆ ಬಿಟ್ಟ ಮೇಲಿಂದ ರಾತ್ರಿ ಎಂಟರವರೆಗೆ ಇರುತ್ತವೆ. ಅನಂತರ ತಪ್ಪು ನಡೆದ ದಿನವನ್ನು ಅದೇ ಹಾಳೆಯ ಮೇಲೆ ಹಿಂದಕ್ಕೆ ಓದಿ. ಅಂದು ಬೆಳಗ್ಗೆ ಮನೆಯಲ್ಲಿ ಜಗಳವಾಗಿತ್ತೇ? ಶಾಲೆಗೆ ಹೋಗಿ ಹಿಂದೆ ಬಂದನೇ? ಯಾರ ಫೋನ್ ಬಂತು? ಕೈಯಲ್ಲಿ ಎಷ್ಟು ಹಣವಿತ್ತು? ‘ಸಹವಾಸ ಕೆಟ್ಟದ್ದು’ ಎಂಬ ಒಂದೇ ಉತ್ತರಕ್ಕೆ ತೃಪ್ತರಾಗಬೇಡಿ. ಆ ಸಹವಾಸ ಯಾವ ಗಂಟೆಗೆ, ಯಾವ ಮೂಲೆಯಲ್ಲಿ, ಏಕೆ ಬೇಕಾಯಿತು ಎಂಬವರೆಗೆ ಹೋಗಿ.

ಹೀಗೆ ಹೊರಬಂದ ಕಾರಣಗಳಲ್ಲಿ ಒಂದನ್ನು, ಈ ವಾರವೇ ಬದಲಿಸಬಹುದಾದದ್ದನ್ನು ಆರಿಸಿ. ಅತ್ತೆಯೊಬ್ಬರು ಸಂಜೆ ಐದಕ್ಕೆ ಮನೆಯಲ್ಲಿ ಬಂದು ಕುಳಿತುಕೊಳ್ಳುವ ಏರ್ಪಾಟು ತೀರ ಸಣ್ಣದೆಂದು ತೋರಬಹುದು, ಆದರೆ ಹಾಳೆಯ ಮೇಲಿನ ಖಾಲಿ ಚೌಕ ಅದರಿಂದ ತುಂಬುತ್ತದೆ.

ನಾಲ್ಕನೆಯ ಹೆಜ್ಜೆ: ಮೂರೇ ನಿಯಮಗಳು

ಹೆದರಿದ ತಂದೆ ಒಂದೇ ರಾತ್ರಿಯಲ್ಲಿ ಹದಿನೈದು ನಿಯಮ ಮಾಡುತ್ತಾರೆ, ನಾಲ್ಕನೆಯ ದಿನಕ್ಕೆ ಎಲ್ಲವೂ ಸಡಿಲವಾಗುತ್ತವೆ. ಮೂರಕ್ಕಿಂತ ಹೆಚ್ಚು ಬೇಡ: ಎಷ್ಟು ಗಂಟೆಗೆ ಮನೆ ಸೇರಬೇಕು, ಹೊರಗೆ ಹೋಗುವಾಗ ಯಾರಿಗೆ ಹೇಳಿ ಹೋಗಬೇಕು, ರಾತ್ರಿ ಫೋನ್ ಎಲ್ಲಿರಬೇಕು. ನಿಯಮ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ‘ಒಳ್ಳೆಯವನಾಗಿರಬೇಕು’ ಎಂಬುದನ್ನು ಪಾಲಿಸಿದನೋ ಇಲ್ಲವೋ ಎಂದು ಅಳೆಯುವವರು ಯಾರು? ಪ್ರತಿ ನಿಯಮದ ಮುಂದೆ ಪಾಲಿಸಿದರೆ ಏನು, ಮುರಿದರೆ ಏನು ಎಂಬುದನ್ನು ಹುಡುಗನ ಎದುರಿಗೇ ನಿರ್ಧರಿಸಿ. ತಾಯಿಗೆ ಓದು ಬಾರದಿದ್ದರೆ ಗೋಡೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ಅವನು ಸಮಯಕ್ಕೆ ಬಂದ ದಿನಕ್ಕೆ ಒಂದು ಗೆರೆ ಹಾಕಲಿ. ಆ ಗೆರೆ ಹಾಕುವ ಪೆನ್ನು ತಾಯಿಯ ಕೈಯಲ್ಲೇ ಇರಬೇಕು. ನೀವು ಹಾಕಿದರೆ ಮೂರು ತಿಂಗಳ ನಂತರ ನಿಮ್ಮೊಂದಿಗೆ ಅದೂ ಹೊರಟುಹೋಗುತ್ತದೆ.

ಹೊಡೆತದ ವಿಷಯವನ್ನು ನೇರವಾಗಿ ಎತ್ತಲೇಬೇಕು. ಮಗುವಿನ ಮೇಲಿನ ಕ್ರೌರ್ಯ 75ನೆಯ ಕಲಮಿನ ಪ್ರಕಾರ ಅಪರಾಧ ಎಂದು ಹೇಳಿದರೆ ತಂದೆ ಬಾಯಿ ಮುಚ್ಚಿಕೊಂಡು ನಿಮ್ಮನ್ನು ಮುಂದಿನ ಬಾರಿ ಒಳಗೆ ಕರೆಯದಿರಬಹುದು. ನಾನು ಬಳಸುವ ವಾದ ಬೇರೆ: ‘ಅಣ್ಣಾ, ಪೆಟ್ಟು ತಿಂದವನು ಮರುದಿನದಿಂದ ನಿಮಗೆ ಏನನ್ನೂ ಹೇಳುವುದಿಲ್ಲ, ಆಮೇಲೆ ನಿಮಗೆ ಸುದ್ದಿ ಬರುವುದು ಪೊಲೀಸರಿಂದ.’ ಹನ್ನೆರಡು ಗಂಟೆ ತಂದೂರಿನ ಮುಂದೆ ನಿಂತು ಬಂದವರಿಗೆ ರಾತ್ರಿ ಹನ್ನೊಂದಕ್ಕೆ ತಾಳ್ಮೆ ಇರುವುದಿಲ್ಲ. ದೂರುಗಳನ್ನು ಅಂದು ರಾತ್ರಿ ಹೇಳದೆ ಅವರ ವಾರದ ರಜೆಯ ದಿನ ಹೇಳುವುದೆಂದು ದಂಪತಿಗಳು ಒಪ್ಪಿಕೊಂಡರೆ ಹೊಡೆತ ಅರ್ಧಕ್ಕಿಳಿದ ಮನೆಗಳನ್ನು ನಾನು ಕಂಡಿದ್ದೇನೆ.

ಐದನೆಯ ಹೆಜ್ಜೆ: ಓದು ಮತ್ತು ದುಡಿಮೆ

ಶಾಲೆ ಬಿಟ್ಟು ಎರಡು ವರ್ಷವಾದ ಹುಡುಗ ಒಂಬತ್ತನೆಯ ತರಗತಿಯ ಬೆಂಚಿಗೆ ಮರಳಲು ನಾಚುತ್ತಾನೆ. ಮಹಾರಾಷ್ಟ್ರ ಶಿಕ್ಷಣ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕುಳಿತುಕೊಳ್ಳಲು 17ನೆಯ ನಮೂನೆಯ ಅರ್ಜಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಸೇರಬಹುದು. ಹಗಲು ಕ್ಯಾಂಟೀನಿನಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರೇ ನಮ್ಮಲ್ಲಿದೆ. ಅವರಲ್ಲಿ ಯಾರಾದರೂ ಒಬ್ಬರನ್ನು ಮನೆಗೆ ಕರೆತಂದರೆ ನಿಮ್ಮ ಹತ್ತು ಉಪದೇಶಗಳಿಗಿಂತ ಹೆಚ್ಚು ಕೆಲಸವಾಗುತ್ತದೆ. ಆದರೆ ಆ ದಾರಿಯನ್ನೇ ಇಂದು ಕಣ್ಣು ಮುಚ್ಚಿ ಅನುಸರಿಸಲಾಗದು. ಹದಿನಾಲ್ಕರ ಕೆಳಗಿನವರನ್ನು ಹೋಟೆಲಿಗೆ ಕೆಲಸಕ್ಕೆ ಹಚ್ಚುವುದು ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಅಪರಾಧ. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ.

ಹಣದ ಒತ್ತಡವೇ ಮೂಲವಾಗಿರುವ ಮನೆಗಳಲ್ಲಿ, ಮುಖ್ಯವಾಗಿ ತಾಯಿ ವಿಧವೆಯಾಗಿದ್ದರೆ ಅಥವಾ ತಂದೆ ದುಡಿಯಲಾರದ ಸ್ಥಿತಿಯಲ್ಲಿದ್ದರೆ, ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಅರ್ಜಿಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು. ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆಯನ್ನೂ ಅಲ್ಲಿಯೇ ವಿಚಾರಿಸಿ.

ಆರನೆಯ ಹೆಜ್ಜೆ: ಗಲ್ಲಿ ಮತ್ತು ಅಮಲು

ವೈಟ್‌ನರ್, ಗಾಂಜಾ, ‘ಬಟನ್’ ಎಂದು ಕರೆಯುವ ನಿದ್ರೆಯ ಮಾತ್ರೆ, ‘ಎಂಡಿ’ ಎನ್ನುವ ಮೆಫೆಡ್ರೋನ್ ಪುಡಿ: ಈ ಹೆಸರುಗಳು ತಾಯಿಗೆ ಗೊತ್ತಿರುವುದಿಲ್ಲ, ಜೇಬಿನಲ್ಲಿ ಸಿಕ್ಕ ಖಾಲಿ ಮಾತ್ರೆ ಹಾಳೆಯನ್ನು ತಲೆನೋವಿನದೆಂದು ಎಸೆದಿರುತ್ತಾರೆ. ಅಂಥದ್ದು ಸಿಕ್ಕರೆ ಎಸೆಯದೆ ಇಟ್ಟು ವೈದ್ಯರಿಗೆ ತೋರಿಸಲು ಹೇಳಿ. ವ್ಯಸನಮುಕ್ತಿಗೆ 14446, ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್‌ನ 14416 ಶುಲ್ಕವಿಲ್ಲದ ಸಂಖ್ಯೆಗಳು. ಎರಡನೆಯದರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಹುಡುಗನ ಕೈಯಲ್ಲಿ ಪೊಟ್ಟಣ ಸಾಗಿಸುತ್ತಿರುವ ದೊಡ್ಡವರು ಯಾರಾದರೂ ಇದ್ದರೆ ಅವರೇ ನಿಜವಾದ ಆರೋಪಿಗಳು. ಮಗುವನ್ನು ಹಾಗೆ ಬಳಸಿದವರಿಗೆ ಕಾಯ್ದೆಯ 78ನೆಯ ಕಲಮಿನಲ್ಲಿ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆಯಿದೆ. ಆ ಹೆಸರನ್ನು ಚಾಳಿನಲ್ಲಿ ಬಾಯಿಬಿಡಬೇಡಿ, ವಕೀಲರ ಮೂಲಕ ಮಂಡಳಿಗೆ ಮುಟ್ಟಿಸಿ. ಹಳೆಯ ಗೆಳೆಯರನ್ನು ಬಿಡು ಎಂದಷ್ಟೇ ಹೇಳಿದರೆ ಸಾಲದು, ಸಂಜೆಯ ಆ ಗಂಟೆಗೆ ಅವನು ಹೋಗಬಹುದಾದ ಬೇರೊಂದು ಜಾಗವನ್ನು, ಅದು ಕಬಡ್ಡಿ ಮೈದಾನವಾಗಲಿ ಭಜನಾ ಮಂಡಳಿಯ ಚಂಡೆಯ ತರಗತಿಯಾಗಲಿ, ನೀವೇ ಜೊತೆಗೆ ಹೋಗಿ ತೋರಿಸಬೇಕು.

ಏಳನೆಯ ಹೆಜ್ಜೆ: ಮಂಡಳಿಯ ತಾರೀಖು

ಮುಂಬಯಿ ನಗರದ ಪ್ರಕರಣಗಳು ಡೋಂಗ್ರಿಯಲ್ಲೂ ಉಪನಗರದವು ಮಾನ್‌ಖುರ್ದಿನಲ್ಲೂ ನಡೆಯುತ್ತವೆ. ಮ್ಯಾಜಿಸ್ಟ್ರೇಟರೊಂದಿಗೆ ಇಬ್ಬರು ಸಮಾಜ ಕಾರ್ಯಕರ್ತರು ಮಂಡಳಿಯಲ್ಲಿರುತ್ತಾರೆ. ಪ್ರೊಬೇಷನ್ ಆಫೀಸರ್ ಎರಡು ವಾರಗಳಲ್ಲಿ ಸಲ್ಲಿಸಬೇಕಾದ ಸಾಮಾಜಿಕ ತನಿಖಾ ವರದಿಗೆ ನಿಮ್ಮ ದಿನದ ನಕ್ಷೆ ಮತ್ತು ಕ್ಯಾಲೆಂಡರಿನ ಗೆರೆಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ, ನಕಲು ಕೊಡಿ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಕಾರಣವಿದ್ದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ತಾರೀಖಿನ ದಿನ ತಂದೆ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ, ಅದಕ್ಕೆ ಮೊದಲೇ ತಯಾರಿ ಬೇಕು.

ಊರು ಎಂಬ ಪ್ರಶ್ನೆ

ಜಾತ್ರೆಗೋ ಕೋಲಕ್ಕೋ ಮಂಡಳಿಗೆ ತಿಳಿಸಿ, ಒಪ್ಪಿಗೆ ಪಡೆದು, ತಂದೆತಾಯಿಯ ಜೊತೆಗೆ ಎಂಟು ದಿನ ಹೋಗಿಬರುವುದಕ್ಕೆ ನನ್ನ ವಿರೋಧವಿಲ್ಲ. ಅವನನ್ನು ಇನ್ನೂ ‘ನಮ್ಮ ಮೊಮ್ಮಗ’ ಎಂದು ಕರೆಯುವ ಜನ ಅಲ್ಲಿದ್ದಾರೆ ಎಂಬುದು ಅವನಿಗೆ ತಿಳಿಯಬೇಕು. ಕೂಡದೆಂಬುದು ಬಚ್ಚಿಡುವುದಕ್ಕಾಗಿ ಒಬ್ಬನನ್ನೇ ರೈಲು ಹತ್ತಿಸುವುದು. ಆದರೆ ಮನೆಯೇ ಅಪಾಯದ ಜಾಗವಾಗಿದ್ದರೆ, ಅಂದರೆ ಮನೆಯವರೇ ಅವನನ್ನು ಕಳವಿಗೆ ಕಳಿಸುತ್ತಿದ್ದರೆ, ಲೈಂಗಿಕ ದೌರ್ಜನ್ಯ ನಡೆದಿದ್ದರೆ ಅಥವಾ ಪ್ರಾಣಕ್ಕೆ ಕುತ್ತಾಗುವ ಹೊಡೆತವಿದ್ದರೆ, ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ. ಅಂಥ ಮನೆಯನ್ನು ರಿಪೇರಿ ಮಾಡುತ್ತೇನೆಂದು ಕಾಯುವ ಪ್ರತಿ ದಿನದ ಬೆಲೆ ತೆರುವವನು ಮಗು.

ಕೊನೆಯ ಹೆಜ್ಜೆ: ಹಿಂದೆ ಸರಿಯುವುದು

ಮೊದಲ ತಿಂಗಳು ವಾರಕ್ಕೆ ಎರಡು ಭೇಟಿ, ಎರಡನೆಯ ತಿಂಗಳು ಒಂದು, ಮೂರನೆಯ ತಿಂಗಳು ಹದಿನೈದು ದಿನಕ್ಕೊಂದು. ನಡುವೆ ಅವನು ಒಮ್ಮೆಯಾದರೂ ಜಾರುತ್ತಾನೆ, ಒಂದು ರಾತ್ರಿ ಮನೆಗೆ ಬರುವುದಿಲ್ಲ. ಆ ರಾತ್ರಿ ಮೊದಲು ಯಾರಿಗೆ ಫೋನ್, ಆಮೇಲೆ ಯಾರಿಗೆ, ಬಂದ ಕೂಡಲೇ ಯಾರು ಮಾತನಾಡಬೇಕು, ಯಾರು ಸುಮ್ಮನಿರಬೇಕು ಎಂಬುದನ್ನು ಮುಂಚೆಯೇ ಬರೆದಿಡಿಸಿ. ಹೀಗೊಂದು ಚೀಟಿ ಇದ್ದ ಮನೆಯಲ್ಲಿ ಜಾರಿದ್ದು ಒಂದು ರಾತ್ರಿಗೇ ಮುಗಿಯುತ್ತದೆ. ಇಲ್ಲದ ಮನೆಯಲ್ಲಿ ಮತ್ತೆ ಊರಿನ ಟಿಕೆಟಿನ ಮಾತು ಏಳುತ್ತದೆ.

ಕೊನೆಯ ಭೇಟಿಯಲ್ಲಿ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕಪಾಟಿನಲ್ಲಿರಿಸಿ: ಮಂಡಳಿಯ ಆದೇಶ, ವಯಸ್ಸಿನ ದಾಖಲೆ, 17ನೆಯ ನಮೂನೆಯ ರಸೀದಿ. ಈ ಕಾಯ್ದೆಯಡಿ ವಿಚಾರಣೆ ಮುಗಿಸಿದ ಮಗುವಿಗೆ ಅದರಿಂದ ಯಾವ ಅನರ್ಹತೆಯೂ ಅಂಟಬಾರದೆಂದು 24ನೆಯ ಕಲಮು ಹೇಳುತ್ತದೆ. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕನಂತೆ ವಿಚಾರಣೆ ಎದುರಿಸಿ ತಪ್ಪಿತಸ್ಥನೆಂದು ತೀರ್ಮಾನವಾದವನಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಈ ಮಾತನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅದೇ ಚೀಲಕ್ಕೆ ಸೇರಿಸಿ. ದಿನದ ನಕ್ಷೆಯ ಹಾಳೆಯನ್ನು ಮಾತ್ರ ಚೀಲಕ್ಕೆ ಹಾಕದೆ ಹುಡುಗನ ಕೈಗೇ ಕೊಡಿ. ಇಟ್ಟುಕೊಳ್ಳುವುದೋ ಹರಿದುಹಾಕುವುದೋ ಅವನಿಗೆ ಬಿಟ್ಟದ್ದು.